ಗಟ್ಟಿ ಉಕ್ಕು ಪೆಡಸಾದ ಕಥೆ: ರಾವತಭಾಟದ ಬಿರುಕು ಮತ್ತು ನ್ಯೂಟ್ರಾನ್ ಚರಿತ್ರೆಯ ಒಂದು ಅಧ್ಯಾಯ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಕೊನೆಯಲ್ಲಿ ನಡೆದ ಚರ್ಚೆಯ ಮುಖ್ಯ ಭಾಗವನ್ನೂ ಸೇರಿಸಿದೆ.)

ಧ್ವನಿ ಸರಿಯಾಗಿ ಕೇಳ್ತಿದೆ ಅಂದುಕೊಂಡು ಶುರು ಮಾಡ್ತೇನೆ. ನಾರಾಯಣಪೇಟೆಯಿಂದ, ಗದ್ವಾಲದಿಂದ ಗೆಳೆಯರು ಸೇರಿಕೊಂಡಿದ್ದಾರೆ. ನಾನು ಮಕ್ತಲದಿಂದ ಮಾತಾಡ್ತಿದ್ದೇನೆ. ಕರೆಂಟು ಹೋದರೆ ಎರಡು ನಿಮಿಷ ಕಾಯಿರಿ.

ನನ್ನ ವಿಷಯ ಅಣುಶಕ್ತಿಯ ರಾಜಕೀಯ ಅಲ್ಲ. ನ್ಯೂಟ್ರಾನ್ ತಾಕಿದ ಉಕ್ಕು ಯಾಕೆ ಪೆಡಸಾಗಿ ಒಡೆಯುತ್ತದೆ, ಇದು ಮನುಷ್ಯರಿಗೆ ಹೇಗೆ, ಯಾವ ಕ್ರಮದಲ್ಲಿ ಗೊತ್ತಾಯಿತು ಎಂಬ ಚರಿತ್ರೆ. ಅದರಲ್ಲೂ ನಮ್ಮ ದೇಶದ ಒಂದು ಪ್ರಕರಣ: ರಾಜಸ್ಥಾನದ ರಾವತಭಾಟದಲ್ಲಿರುವ ಮೊದಲನೇ ರಿಯಾಕ್ಟರಿನ ಎಂಡ್ ಶೀಲ್ಡ್ ಬಿರುಕು ಬಿಟ್ಟದ್ದು. ಈ ಪ್ರಕರಣದ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತದೆ. ಕೆನಡಾದವರು ಕೆಟ್ಟ ಉಕ್ಕಿನ ನಕ್ಷೆ ಕೊಟ್ಟರು ಎನ್ನುವುದು ಒಂದು. ನಮ್ಮವರಿಗೆ ನಡೆಸೋಕೆ ಬರಲಿಲ್ಲ ಎನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಅಲ್ಲಿ ಬಳಸಿದ್ದು ಆ ಕಾಲಕ್ಕೆ ಗಟ್ಟಿ ಅಂತ ಹೆಸರಾದ ಉಕ್ಕು. ಆದರೆ ಆ ಹೆಸರು ಬಂದದ್ದು ಚಳಿಯ ಪರೀಕ್ಷೆಯಲ್ಲಿ ಪಾಸಾಗಿ, ನ್ಯೂಟ್ರಾನ್ ಪರೀಕ್ಷೆಯಲ್ಲಿ ಅಲ್ಲ. ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಮೊದಲು ಒಂದು ಶಬ್ದದ ವಿಚಾರ. ಪಠ್ಯಪುಸ್ತಕದಲ್ಲಿ ‘ಭಿದುರತೆ’ ಅಂತ ಬರುತ್ತದೆ. ನಮ್ಮ ಕಡೆ ಹದ ತಪ್ಪಿದ ಕುಡಗೋಲಿಗೆ ಪೆಡಸಾಗ್ಯಾದ ಅಂತಾರೆ. ಕಾಸಿ ಕೆಂಪಾದ ಕಬ್ಬಿಣವನ್ನ ನೀರಿಗೆ ಹಾಕಿದ್ದು ಅತಿಯಾದರೆ ಅಲಗು ಗಡಸಾಗುತ್ತದೆ, ಕಲ್ಲಿಗೆ ತಾಕಿದರೆ ಟಣ್ ಅಂತ ಸಿಡಿಯುತ್ತದೆ. ಗಡಸು ಬೇರೆ, ಗಟ್ಟಿ ಬೇರೆ ಎಂಬುದು ಕಮ್ಮಾರ ಸಾಲೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಇಲ್ಲಿ ಗಡಸು ಅಂದರೆ ಬಾಗಲಾರದ್ದು, ಗಟ್ಟಿ ಅಂದರೆ ಏಟು ತಿಂದೂ ಒಡೆಯದೆ ತಾಳಿಕೊಳ್ಳುವುದು, ಪೆಡಸು ಅಂದರೆ ಬಾಗದೆ ನೇರವಾಗಿ ಒಡೆಯುವುದು ಎಂಬ ಅರ್ಥದಲ್ಲೇ ಬಳಸುತ್ತೇನೆ. ನ್ಯೂಟ್ರಾನ್ ಮಾಡುವುದೂ ಅದನ್ನೇ. ಉಕ್ಕನ್ನು ಗಡಸು ಮಾಡುತ್ತದೆ, ಅದರ ಗಟ್ಟಿತನ ಕಳೆಯುತ್ತದೆ.

ಚಳಿಗೂ ಉಕ್ಕಿಗೂ ಇರುವ ಸಂಬಂಧ ರೈಲು ಹಳಿಯ ಹತ್ತಿರ ಬೆಳೆದವರಿಗೆ ಅಪರಿಚಿತ ಅಲ್ಲ. ಮುಂಬಯಿ–ಮದ್ರಾಸ್ ಲೈನು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಆ ಲೈನಿನ ಕೃಷ್ಣಾ ಸ್ಟೇಷನ್ ಈಗ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಚಳಿಗಾಲದ ರಾತ್ರಿ ಹಳಿ ಒಡೆದಿದೆಯೇ ಅಂತ ನೋಡುತ್ತಾ ದೀಪ ಹಿಡಿದು ನಡೆಯುವ ಗ್ಯಾಂಗ್‌ಮನ್‌ಗಳನ್ನ ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಹಳಿ ಒಡೆಯಲು ಮುಖ್ಯ ಕಾರಣ ಚಳಿಗೆ ಹಳಿ ಕುಗ್ಗಿ ಎಳೆತ ಹುಟ್ಟುವುದು. ಉಕ್ಕೇ ಚಳಿಗೆ ಪೆಡಸಾಗುವುದು ಬೇರೆ ವಿಷಯ. ನಾನು ಬಿ.ಎಸ್ಸಿ. ಓದುವಾಗ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕವೂ ಕಳೆದುಕೊಂಡೆ.

ಉಕ್ಕು ಚಳಿಗೆ ಪೆಡಸಾಗುತ್ತದೆ ಎಂಬುದು ಲೋಕಕ್ಕೆ ಜೋರಾಗಿ ತಿಳಿದದ್ದು ಹಡಗುಗಳಿಂದ. 1943ರ ಜನವರಿ 16ರ ರಾತ್ರಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಷೆನೆಕ್ಟಡಿ ಎಂಬ ಹೊಸ ಎಣ್ಣೆ ಹಡಗು ದಡಕ್ಕೆ ಕಟ್ಟಿ ನಿಂತಲ್ಲೇ ಎರಡು ಹೋಳಾಯಿತು. ಬಿರುಗಾಳಿ ಇರಲಿಲ್ಲ, ಶತ್ರುವಿನ ಗುಂಡು ಇರಲಿಲ್ಲ. ಗಾಳಿಯ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಕೆಳಗಿತ್ತು, ಅಷ್ಟೇ. ಯುದ್ಧಕಾಲದ ಲಿಬರ್ಟಿ ಹಡಗುಗಳಲ್ಲೂ ಇಂಥ ಬಿರುಕುಗಳು ಬಂದವು. ಮೊದಲು ಎಲ್ಲರೂ ವೆಲ್ಡಿಂಗ್ ಮೇಲೆ ತಪ್ಪು ಹಾಕಿದರು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹವಿಜ್ಞಾನಿ, ತಪ್ಪು ವೆಲ್ಡಿಂಗಿನದು ಮಾತ್ರ ಅಲ್ಲ, ಆ ಉಕ್ಕು ಒಂದು ತಾಪಮಾನದ ಕೆಳಗೆ ಬಾಗುವುದನ್ನೇ ಬಿಟ್ಟು ಒಡೆಯುತ್ತದೆ ಎಂದು ತೋರಿಸಿದರು. ರಿವೆಟ್ ಹೊಡೆದ ಹಳೆಯ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ವೆಲ್ಡ್ ಮಾಡಿದ ಹಡಗಿನಲ್ಲಿ ಅದಕ್ಕೆ ನಿಲ್ಲಲು ಜಾಗ ಇಲ್ಲ.

ಅಳೆಯುವ ಸಾಧನ ಮೊದಲೇ ಇತ್ತು. ಫ್ರಾನ್ಸಿನ ಜಾರ್ಜ್ ಚಾರ್ಪಿ 1901ರಲ್ಲಿ ಪ್ರಚಾರಕ್ಕೆ ತಂದ ಪರೀಕ್ಷೆ ಅದು. ಬೆರಳುದ್ದದ ಉಕ್ಕಿನ ತುಂಡು, 10 ಮಿಲಿಮೀಟರ್ ಚೌಕ, ನಡುವೆ ಒಂದು ಕಚ್ಚು. ಲೋಲಕದ ಸುತ್ತಿಗೆ ಬೀಸಿ ಬಂದು ಹೊಡೆಯುತ್ತದೆ. ಒಡೆದ ಮೇಲೆ ಸುತ್ತಿಗೆ ಎಷ್ಟು ಎತ್ತರ ಹೋಯಿತು ನೋಡಿದರೆ ತುಂಡು ಎಷ್ಟು ಶಕ್ತಿ ನುಂಗಿತು ಅಂತ ಗೊತ್ತಾಗುತ್ತದೆ. ಬೇರೆ ಬೇರೆ ತಾಪಮಾನದಲ್ಲಿ ಹೊಡೆದು ಗ್ರಾಫ್ ಎಳೆದರೆ ಇಂಗ್ಲಿಷಿನ ಎಸ್ ಅಕ್ಷರ ಓರೆಯಾಗಿ ಮಲಗಿದ ಹಾಗೆ ಬರುತ್ತದೆ: ಕೆಳಗೆ ಪೆಡಸು, ಮೇಲೆ ಗಟ್ಟಿ, ನಡುವೆ ಏರು. ಆ ಏರಿನ ಮೇಲೆ ಗುರುತು ಹಾಕುವ ಬಿಂದುವೇ ಸಂಕ್ರಮಣ ತಾಪಮಾನ. ಹಡಗಿನ ಅನುಭವದ ನಂತರ ಉಕ್ಕಿನವರ ಗುರಿ ಒಂದೇ ಆಯಿತು, ಈ ಬಿಂದುವನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗೆ ತಳ್ಳುವುದು. ಅದಕ್ಕೆ ಸಿಕ್ಕ ಒಳ್ಳೆಯ ಮದ್ದು ನಿಕಲ್. ಶೇಕಡಾ 3.5ರಷ್ಟು ನಿಕಲ್ ಸೇರಿಸಿದ ಉಕ್ಕು ಸೊನ್ನೆಯ ಕೆಳಗೆ ನೂರು ಡಿಗ್ರಿಯ ತನಕ ತಾಳುತ್ತದೆ. ದ್ರವೀಕರಿಸಿದ ಅನಿಲದ ಟ್ಯಾಂಕುಗಳಿಗೆ ಅದನ್ನು ಈಗಲೂ ಬಳಸುತ್ತಾರೆ. ಈ 3.5ನ್ನು ನೆನಪಿಟ್ಟುಕೊಳ್ಳಿ.

ಇನ್ನು ನ್ಯೂಟ್ರಾನಿಗೆ ಬರೋಣ. ವೇಗದ ನ್ಯೂಟ್ರಾನುಗಳು ಘನವಸ್ತುವಿನ ಪರಮಾಣುಗಳನ್ನು ಅವುಗಳ ಸ್ಥಾನದಿಂದ ಕದಲಿಸುತ್ತವೆ ಎಂದು ಯೂಜೀನ್ ವಿಗ್ನರ್ 1942ರ ಸುಮಾರಿಗೇ ಹೇಳಿದ್ದರು. ಆಗ ಅವರ ಚಿಂತೆ ಇದ್ದದ್ದು ಗ್ರಾಫೈಟಿನ ಬಗ್ಗೆ. ಉಕ್ಕಿನ ಸರದಿ 1950ರ ದಶಕದಲ್ಲಿ ಬಂತು, ವಿಶೇಷವಾಗಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ. ಯಾಕೆ ನೌಕಾಪಡೆ ಅಂದರೆ, ಹಡಗು ಒಡೆದ ನೆನಪು ಇದ್ದದ್ದು ಅವರಿಗೇ, ರಿಯಾಕ್ಟರನ್ನ ಜಲಾಂತರ್ಗಾಮಿಯೊಳಗೆ ಇಡುತ್ತಿದ್ದದ್ದೂ ಅವರೇ.

ಒಳಗೆ ನಡೆಯುವುದು ಹೀಗೆ. ವೇಗದ ಒಂದು ನ್ಯೂಟ್ರಾನ್ ಕಬ್ಬಿಣದ ಒಂದು ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಅದು ಪಕ್ಕದವನ್ನ ತಳ್ಳುತ್ತದೆ, ಅವು ಇನ್ನಷ್ಟನ್ನ. ಕ್ಷಣದಲ್ಲಿ ನೂರಾರು ಪರಮಾಣು ಜಾಗ ಬಿಟ್ಟು ಎದ್ದು, ಅದರಲ್ಲಿ ಬಹುಪಾಲು ಹಾಗೇ ಮರಳಿ ಕೂರುತ್ತವೆ. ಜಾತ್ರೆಯಲ್ಲಿ ನೂಕುನುಗ್ಗಲು ಆದ ಹಾಗೆ ಅನ್ನಿ, ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋದರೂ ಕೆಲವರ ಚಪ್ಪಲಿ ಎಲ್ಲೋ ಉಳಿದಿರುತ್ತದೆ. ಹೀಗೆ ಉಳಿದ ಖಾಲಿ ಸ್ಥಾನಗಳು, ಅಡ್ಡ ಸಿಕ್ಕಿಕೊಂಡ ಪರಮಾಣುಗಳು, ಅವುಗಳ ಸುತ್ತ ಸೇರುವ ತಾಮ್ರ–ನಿಕಲ್‌ಗಳ ಅತಿ ಸಣ್ಣ ಗುಂಪುಗಳು, ಎಲ್ಲ ಸೇರಿ ಉಕ್ಕಿನ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಜಾರಿದರೆ ತಾನೇ ಉಕ್ಕು ಬಾಗುವುದು? ಬಾಗಲು ಬೇಕಾದ ಬಲ ಏರುತ್ತದೆ, ಸೀಳಲು ಬೇಕಾದ ಬಲ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬಾಗುವ ಮೊದಲೇ ಸೀಳುವ ಹೊತ್ತು ಬಂದುಬಿಡುತ್ತದೆ. ಓರೆ ಎಸ್ ಇಡಿಯಾಗಿ ಬಿಸಿಯ ಕಡೆಗೆ ಸರಿಯುತ್ತದೆ, ಅದರ ಮೇಲಿನ ಮಟ್ಟವೂ ಕುಸಿಯುತ್ತದೆ.

ತಾಮ್ರದ ಸಂಗತಿ ಒಂದು ಪತ್ತೇದಾರಿ ಕಥೆಯ ಹಾಗಿದೆ. ಒಂದೇ ಜಾತಿಯ ಉಕ್ಕು, ಒಂದೇ ಪ್ರಮಾಣದ ನ್ಯೂಟ್ರಾನ್, ಆದರೂ ಕೆಲವು ವೆಲ್ಡುಗಳು ಬಹಳ ಬೇಗ ಪೆಡಸಾಗುತ್ತಿದ್ದವು. 1960ರ ದಶಕದ ಕೊನೆಗೆ ಕಾರಣ ಸ್ಪಷ್ಟವಾಯಿತು. ವೆಲ್ಡಿಂಗ್ ತಂತಿಗೆ ತುಕ್ಕು ಹಿಡಿಯಬಾರದೆಂದು ತಾಮ್ರದ ಲೇಪ ಹಾಕುತ್ತಿದ್ದರು, ಆ ತಾಮ್ರ ಕರಗಿ ವೆಲ್ಡಿನೊಳಗೆ ಸೇರಿತ್ತು. ಇದು ತಿಳಿಯುವ ಹೊತ್ತಿಗೆ ಎಷ್ಟೋ ರಿಯಾಕ್ಟರ್ ಪಾತ್ರೆಗಳು ತಯಾರಾಗಿಬಿಟ್ಟಿದ್ದವು.

ಹಾಗಾದರೆ ಇಂಥ ಪಾತ್ರೆ ಎಷ್ಟು ಪೆಡಸಾಗಿದೆ ಅಂತ ತಿಳಿಯುವುದು ಹೇಗೆ? ಪಾತ್ರೆಯನ್ನ ಕತ್ತರಿಸಿ ನೋಡಲಾಗದು. ಅದೇ ಉಕ್ಕಿನ ಚಾರ್ಪಿ ತುಂಡುಗಳನ್ನ ಡಬ್ಬಿಯಲ್ಲಿಟ್ಟು ರಿಯಾಕ್ಟರಿನ ಒಳಗೋಡೆಯ ಹತ್ತಿರ ತೂಗುಹಾಕುತ್ತಾರೆ, ಕೆಲವು ವರ್ಷಕ್ಕೊಮ್ಮೆ ಒಂದು ಡಬ್ಬಿ ತೆಗೆದು ಒಡೆದು ನೋಡುತ್ತಾರೆ. ಕಣ್ಗಾವಲು ಮಾದರಿಗಳು ಎನ್ನೋಣ. ಇದಕ್ಕೆ ಅಮೆರಿಕದ ಎಎಸ್‌ಟಿಎಂ 1961ರಲ್ಲಿ ಮೊದಲ ನಿಯಮಾವಳಿ ತಂದಿತು. 1969ರಲ್ಲಿ ಶುರುವಾದ ನಮ್ಮ ತಾರಾಪುರದ ಎರಡು ರಿಯಾಕ್ಟರುಗಳ ಪಾತ್ರೆಯೊಳಗೂ ಇಂಥ ಮಾದರಿಗಳನ್ನ ಇಟ್ಟಿದ್ದರು.

ಇದು ಲೆಕ್ಕದ ಪುಸ್ತಕದ ಮಾತಲ್ಲ ಎನ್ನುವುದಕ್ಕೆ ಒಂದು ಘಟನೆ ಹೇಳಿ ಮುಂದೆ ಹೋಗುತ್ತೇನೆ. 1978ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ರಾಂಚೋ ಸೆಕೊ ಸ್ಥಾವರದಲ್ಲಿ ಕೆಲಸದವರೊಬ್ಬರ ಕೈಯಿಂದ ಸಣ್ಣ ಸೂಚಕ ಬಲ್ಬು ಜಾರಿ ನಿಯಂತ್ರಣ ಫಲಕದೊಳಗೆ ಬಿತ್ತು. ಶಾರ್ಟ್ ಸರ್ಕ್ಯೂಟ್ ಆಗಿ ಉಪಕರಣಗಳು ತಪ್ಪು ತೋರಿಸಿದವು, ರಿಯಾಕ್ಟರು ಒಂದು ಗಂಟೆಯ ಆಸುಪಾಸಿನಲ್ಲಿ ವಿಪರೀತ ತಣ್ಣಗಾಯಿತು. ಒಳಗೆ ಒತ್ತಡ ಹಾಗೇ ಇದೆ, ಗೋಡೆ ತಣ್ಣಗಾಗುತ್ತಿದೆ. ಸ್ಥಾವರ ಇನ್ನೂ ಹೊಸದಾಗಿತ್ತು, ಪಾತ್ರೆ ಪೆಡಸಾಗಿರಲಿಲ್ಲ, ಏನೂ ಆಗಲಿಲ್ಲ. ಇದೇ ಆಘಾತ ಹಳೆಯ ಪಾತ್ರೆಗೆ ಬಿದ್ದಿದ್ದರೆ ಎಂಬ ಪ್ರಶ್ನೆ ಮುಂದೆ ಹತ್ತು ವರ್ಷ ಅಲ್ಲಿನ ತಜ್ಞರ ನಿದ್ದೆ ಕೆಡಿಸಿತು. 1991ರಲ್ಲಿ ಯಾಂಕೀ ರೋ ಎಂಬ ಹಳೆಯ ಸ್ಥಾವರ ಪಾತ್ರೆಯ ಪೆಡಸುತನದ ಅನುಮಾನದಿಂದಲೇ ನಿಂತಿತು, ಮತ್ತೆ ಶುರುವಾಗಲಿಲ್ಲ.

ಈಗ ರಾವತಭಾಟ. 1963ರ ಭಾರತ–ಕೆನಡಾ ಒಪ್ಪಂದದಂತೆ, ಅಲ್ಲಿನ ಡಗ್ಲಾಸ್ ಪಾಯಿಂಟ್ ಮಾದರಿಯಲ್ಲಿ ಕಟ್ಟಿದ ಭಾರಜಲ ರಿಯಾಕ್ಟರು ಅದು. ಮೊದಲನೇ ಘಟಕ 1972ರ ಆಗಸ್ಟಿನಲ್ಲಿ ಚಾಲೂ ಆಗಿ, 1973ರ ಡಿಸೆಂಬರಿನಲ್ಲಿ ವಿದ್ಯುತ್ ಸೇವೆಗೆ ಬಂತು. ಐದು ತಿಂಗಳಿಗೆ, 1974ರ ಮೇ 18ರಂದು ಪೋಖ್ರಾನ್ ಸ್ಫೋಟ. ಕೆನಡಾ ಕೈಬಿಟ್ಟಿತು. ಎರಡನೇ ಘಟಕವನ್ನ ನಮ್ಮವರೇ ಮುಗಿಸಿ 1981ರಲ್ಲಿ ಸೇವೆಗೆ ತಂದರು.

ಭಾರಜಲ ರಿಯಾಕ್ಟರಿನಲ್ಲಿ ತಾರಾಪುರದ ಥರದ ದಪ್ಪ ಉಕ್ಕಿನ ಒತ್ತಡ ಪಾತ್ರೆ ಇರುವುದಿಲ್ಲ. ಅಡ್ಡ ಮಲಗಿಸಿದ ದೊಡ್ಡ ಪೀಪಾಯಿಯಂಥ ಕ್ಯಾಲಂಡ್ರಿಯಾ ಇರುತ್ತದೆ. ಅದರ ಮೂಲಕ 306 ಕೊಳವೆಗಳು ಹಾಯುತ್ತವೆ, ಇಂಧನ ಇರುವುದು ಅವುಗಳಲ್ಲಿ. ಪೀಪಾಯಿಯ ಎರಡು ತುದಿಗೆ ಎರಡು ದಪ್ಪ ಮುಚ್ಚಳ. ಅವೇ ಎಂಡ್ ಶೀಲ್ಡುಗಳು. ವಿಕಿರಣ ಹೊರಗೆ ಬರದಂತೆ ತಡೆಯುವುದು, ಆ ಕೊಳವೆಗಳ ಭಾರ ಹೊರುವುದು ಎರಡೂ ಇವುಗಳ ಕೆಲಸ. ಒಳಗೆ ತಂಪು ನೀರು ಹರಿಯುತ್ತಿರುತ್ತದೆ. ಅಂದರೆ ನ್ಯೂಟ್ರಾನಿಗೆ ಎದೆಯೊಡ್ಡಿ ನಿಲ್ಲುವ ಭಾಗ ಇದು, ಆದರೆ ಬಿಸಿ ಭಾಗ ಅಲ್ಲ. ರಾವತಭಾಟದಲ್ಲಿ ಈ ಮುಚ್ಚಳಗಳನ್ನು ಮಾಡಿದ್ದು ಶೇಕಡಾ 3.5 ನಿಕಲ್ ಉಕ್ಕಿನಲ್ಲಿ.

1980ರ ದಶಕದ ಆರಂಭದಲ್ಲಿ ಮೊದಲನೇ ಘಟಕದ ದಕ್ಷಿಣ ಬದಿಯ ಎಂಡ್ ಶೀಲ್ಡಿನಿಂದ ನೀರು ಸೋರತೊಡಗಿತು. ಕ್ಯಾಲಂಡ್ರಿಯಾದ ಕಡೆಗಿದ್ದ ತಟ್ಟೆ ಬಿರುಕು ಬಿಟ್ಟಿತ್ತು. ನ್ಯೂಟ್ರಾನಿನಿಂದ ಉಕ್ಕು ಪೆಡಸಾಗಿತ್ತು. ನಿಲ್ಲಿಸಿ ನಡೆಸುವಾಗಿನ ತಾಪದ ಏರಿಳಿತದ ಎಳೆತವನ್ನು ಪೆಡಸಾದ ಉಕ್ಕು ತಾಳುವುದು ಕಷ್ಟ. ಈ ಮುಚ್ಚಳವನ್ನು ಬದಲಾಯಿಸುವ ಪ್ರಶ್ನೆಯೇ ಇರಲಿಲ್ಲ. ಕ್ಯಾಲಂಡ್ರಿಯಾಕ್ಕೆ ಅಂಟಿಕೊಂಡ ಭಾಗ, ಮನುಷ್ಯ ಹತ್ತಿರ ಹೋಗಲಾಗದಷ್ಟು ವಿಕಿರಣ. ದೂರದಿಂದಲೇ ಬಿರುಕು ಹುಡುಕಿ ಮುಚ್ಚುವ ಉಪಾಯ ಮಾಡಬೇಕಾಯಿತು. ಆ ಘಟಕ ಆಮೇಲೆ ವರ್ಷಗಟ್ಟಲೆ ನಿಂತು ನಿಂತು, ಕಡಿಮೆ ಸಾಮರ್ಥ್ಯದಲ್ಲಿ ನಡೆಯಿತು. 2004ರಿಂದ ನಿಂತೇ ಇದೆ.

ಆ ವರ್ಷಗಳಲ್ಲಿ ಹೊಣೆ ಹೊತ್ತವರಲ್ಲಿ ಇಬ್ಬರು ನಮ್ಮ ಭಾಷೆಯ ನಾಡಿನವರು. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1981ರಿಂದ 1983ರವರೆಗೆ ಎರಡನೇ ಸಲ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ, ಆಮೇಲೆ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿ ಇದ್ದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಂ.ಆರ್. ಶ್ರೀನಿವಾಸನ್ ವಿದ್ಯುತ್ ರಿಯಾಕ್ಟರುಗಳ ವಿಭಾಗ ನೋಡಿಕೊಂಡು, 1987ರಲ್ಲಿ ಆಯೋಗದ ಅಧ್ಯಕ್ಷರಾದರು. ಇದನ್ನ ಹೆಮ್ಮೆಗೆ ಹೇಳುತ್ತಿಲ್ಲ. ಇಂಥ ಪ್ರಕರಣದ ಒಳಚರಿತ್ರೆಯನ್ನ ಕನ್ನಡದಲ್ಲಿ ಬರೆಯಬಹುದಾದ ದಾರಿ ಇತ್ತು ಎಂದು ತೋರಿಸಲು ಹೇಳಿದೆ.

ಇನ್ನು ನನ್ನ ವಾದದ ತಿರುಳು. 3.5 ನಿಕಲ್ ಆರಿಸಿದ್ದು ಅಜ್ಞಾನವೇ? ಪೆಡಸಾಗುವುದು 1960ರ ದಶಕದಲ್ಲಿ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, 1961ರ ನಿಯಮಾವಳಿಯೇ ಸಾಕ್ಷಿ. ಆದರೆ ಆ ಜ್ಞಾನದ ದೊಡ್ಡ ಪಾಲು ಒತ್ತಡ ಪಾತ್ರೆಗಳ ಸುತ್ತ ಬೆಳೆದದ್ದು. ಪಾತ್ರೆ ಕೆಲಸ ಮಾಡುವುದು 290 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ. ಆ ಬಿಸಿಯಲ್ಲಿ ನ್ಯೂಟ್ರಾನ್ ಮಾಡಿದ ಗಾಯಗಳಲ್ಲಿ ಬಹಳಷ್ಟು ತಾನೇ ಮಾಯುತ್ತವೆ, ಯಾಕಂದರೆ ಪರಮಾಣುಗಳಿಗೆ ಓಡಾಡಿ ತಮ್ಮ ಜಾಗ ಹುಡುಕಿಕೊಳ್ಳುವಷ್ಟು ಚೈತನ್ಯ ಇರುತ್ತದೆ. ನೂರು ಡಿಗ್ರಿಗಿಂತ ಕೆಳಗಿನ ಎಂಡ್ ಶೀಲ್ಡಿನಲ್ಲಿ ಆ ಅನುಕೂಲ ಇಲ್ಲ. ಅಷ್ಟೇ ನ್ಯೂಟ್ರಾನಿಗೆ ಹೆಚ್ಚು ಗಾಯ ಉಳಿಯುತ್ತದೆ. ಮೇಲಿಂದ, ಚಳಿಯಲ್ಲಿ ಉಕ್ಕನ್ನು ಕಾಪಾಡುವ ನಿಕಲ್ ವಿಕಿರಣದಲ್ಲಿ ಗಡಸುತನ ಹೆಚ್ಚಿಸುವ ಕಡೆ ಸೇರಿಕೊಳ್ಳುತ್ತದೆ. ಹಡಗು ಉಳಿಸಲು ಕಲಿತ ಪಾಠ ಇಲ್ಲಿ ಅರ್ಧ ಮಾತ್ರ ನಿಜವಾಯಿತು. ವಿಕಿರಣಕ್ಕೆ ಮುನ್ನ ಆ ಉಕ್ಕು ನಿಜವಾಗಿಯೂ ಒಳ್ಳೆಯದಿತ್ತು.

‘ಹುಷಾರಾಗಿದ್ದರೆ ಆಗಲೇ ಊಹಿಸಬಹುದಿತ್ತಲ್ಲ’ ಅಂತ ನೀವು ಕೇಳಬಹುದು. ಅದಕ್ಕೆ ನನ್ನ ಬಳಿ ಇರುವ ಬಲವಾದ ಉತ್ತರ ಅಮೆರಿಕದ ಓಕ್ ರಿಜ್. ಈ ವಿಷಯದ ಮಾಹಿತಿ ಲೋಕದಲ್ಲೇ ಹೆಚ್ಚು ಇದ್ದ ಜಾಗಗಳಲ್ಲಿ ಅದೊಂದು. ಅಲ್ಲಿನ ಎಚ್‌ಎಫ್‌ಐಆರ್ ಎಂಬ ಸಂಶೋಧನಾ ರಿಯಾಕ್ಟರಿನ ಪಾತ್ರೆಯೂ ತಂಪಾಗಿಯೇ, 50 ಡಿಗ್ರಿಯ ಸುಮಾರಿನಲ್ಲಿ ಕೆಲಸ ಮಾಡುತ್ತದೆ. ಅದರ ಕೆಲವು ಭಾಗಗಳು ಇದೇ 3.5 ನಿಕಲ್ ಉಕ್ಕು. 1986ರ ನವೆಂಬರಿನಲ್ಲಿ ಕಣ್ಗಾವಲು ಮಾದರಿಗಳು ನಿರೀಕ್ಷೆಗಿಂತ ಬಹಳ ಹೆಚ್ಚು ಪೆಡಸಾಗಿವೆ ಎಂದು ಕಂಡು ರಿಯಾಕ್ಟರನ್ನೇ ನಿಲ್ಲಿಸಿದರು. ಮುಂದೆ ಸಾಮರ್ಥ್ಯವನ್ನು 100 ಮೆಗಾವಾಟಿನಿಂದ 85ಕ್ಕೆ ಇಳಿಸಿ ಶುರುಮಾಡಿದರು. ವರ್ಷಗಳ ಚರ್ಚೆಯ ನಂತರ, ಅಲ್ಲಿ ನ್ಯೂಟ್ರಾನಿನ ಜೊತೆಗೆ ಗಾಮಾ ಕಿರಣಗಳ ಪಾಲೂ ದೊಡ್ಡದಿತ್ತು ಎಂದು ತಿಳಿಯಿತು. ಎರಡು ಪ್ರಕರಣ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ರಾವತಭಾಟದಲ್ಲಿ ಬಿರುಕು ಕಂಡು ಕೆಲವು ವರ್ಷ ಕಳೆದ ಮೇಲೂ, ತಂಪು ಉಕ್ಕಿನ ವಿಷಯದಲ್ಲಿ ಓಕ್ ರಿಜ್ ಆಶ್ಚರ್ಯಪಡಬೇಕಾಯಿತು. ಹಾಗಿರುವಾಗ 1960ರ ದಶಕದ ವಿನ್ಯಾಸಕಾರರನ್ನ ಬೇಜವಾಬ್ದಾರರು ಅನ್ನುವುದು ಚರಿತ್ರೆಯನ್ನ ಹಿಂದಿನಿಂದ ಓದಿದಂತೆ. ಒಂದು ವ್ಯತ್ಯಾಸ ಮಾತ್ರ ಮುಖ್ಯ: ಓಕ್ ರಿಜ್‌ನಲ್ಲಿ ಮೊದಲು ಒಡೆದದ್ದು ಮಾದರಿ ತುಂಡು, ರಾವತಭಾಟದಲ್ಲಿ ಮುಚ್ಚಳವೇ.

ಕೈಗಾದ ಕಡೆ ಬರೋಣ. ನರೋರಾದಿಂದ ಮುಂದಿನ 220 ಮೆಗಾವಾಟಿನ ಘಟಕಗಳಲ್ಲಿ, ಅಂದರೆ ಕಾರವಾರ ತಾಲೂಕಿನ ಕಾಳಿ ದಂಡೆಯ ಕೈಗಾದ ನಾಲ್ಕು ಘಟಕಗಳಲ್ಲೂ, ಎಂಡ್ ಶೀಲ್ಡುಗಳು 304ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲಿನವು. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳ ಹತ್ತಿರದ ಸಂಬಂಧಿ ಅದು. ಅದರೊಳಗೆ ಪರಮಾಣುಗಳ ಜೋಡಣೆಯೇ ಬೇರೆ ಥರ, ಹಾಗಾಗಿ ಓರೆ ಎಸ್ ಇಲ್ಲ. ಚಳಿಗೆ ಏಕಾಏಕಿ ಪೆಡಸಾಗುವ ಬಿಂದುವೇ ಇಲ್ಲದ್ದರಿಂದ ನ್ಯೂಟ್ರಾನ್ ಅದನ್ನ ಮೇಲಕ್ಕೆ ತಳ್ಳುವ ಮಾತೂ ಇಲ್ಲ. ಅದಕ್ಕೂ ವಿಕಿರಣದಿಂದ ಗಟ್ಟಿತನ ಕುಗ್ಗುತ್ತದೆ, ಅದಕ್ಕೂ ಅದರದೇ ಕಾಯಿಲೆಗಳಿವೆ, ಆದರೆ ಈ ಕಾಯಿಲೆ ಅಲ್ಲ. ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂತು. ಮುಚ್ಚಳದ ಉಕ್ಕು ಬದಲಾದದ್ದೇ ಅದಕ್ಕೆ ಕಾರಣ ಎಂದು ನಾನು ಹೇಳಲಾರೆ. ಆದರೆ ಆ ಸುದ್ದಿಯ ಹಿಂದೆ ಒಂದು ಒಡೆದ ಮುಚ್ಚಳದ ಚರಿತ್ರೆಯೂ ಇದೆ ಎನ್ನುವುದನ್ನ ಯಾರೂ ಬರೆಯಲಿಲ್ಲ.

ಮಂಡನೆ ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಚರ್ಚೆ

ಗದ್ವಾಲದ ಗೆಳೆಯರೊಬ್ಬರು ಕೇಳಿದ್ದು: ಬಿಸಿಯಲ್ಲಿ ಗಾಯ ಮಾಯುತ್ತದೆ ಅಂದ್ರಿ. ಹಂಗಾದ್ರ ಪೆಡಸಾದ ಉಕ್ಕನ್ನ ಮತ್ತ ಕಾಸಿ ಹದಕ್ಕ ತರಬಹುದಲ್ಲ?

ಉತ್ತರ: ತರಬಹುದು, ತಂದಿದ್ದಾರೆ ಸಹ. ಸೋವಿಯತ್ ಒಕ್ಕೂಟದ ನೊವೊವೊರೊನೆಝ್‌ನಲ್ಲಿ 1987ರಲ್ಲಿ ಒಂದು ರಿಯಾಕ್ಟರ್ ಪಾತ್ರೆಯ ವೆಲ್ಡನ್ನು ಹೀಗೆ ಕಾಸಿದರು. ಆಮೇಲೆ ಅದೇ ಜಾತಿಯ ಹಲವು ಪಾತ್ರೆಗಳಿಗೆ, ಸುಮಾರು 475 ಡಿಗ್ರಿಯಲ್ಲಿ ನೂರಕ್ಕೂ ಹೆಚ್ಚು ತಾಸು ಕಾಸುವ ಕ್ರಮ ಬಂತು. ಹೋದ ಗಟ್ಟಿತನ ಬಹುಪಾಲು ಮರಳುತ್ತದೆ. ಆದರೆ ಪಾತ್ರೆಯನ್ನ ಪೂರ್ತಿ ಖಾಲಿ ಮಾಡಿ ಒಳಗೆ ಹೀಟರ್ ಇಳಿಸಬೇಕು. ನೂರಾರು ಕೊಳವೆ ಚುಚ್ಚಿಕೊಂಡ ಎಂಡ್ ಶೀಲ್ಡಿಗೆ ಅದು ಆಗದ ಮಾತು.

ಮಾರ್ಗದರ್ಶಕರು: ಇದು ಚರಿತ್ರೆಯ ವಿಭಾಗದ ಸಂಕಿರಣ. ನಿಮ್ಮ ಆಕರ ಯಾವುದು? ದಾಖಲೆ ಅಂದರೆ ನಮಗೆ ಶಾಸನ, ಕೈಫಿಯತ್ತು, ಕಚೇರಿ ಕಡತ. 1956ಕ್ಕೆ ಮೊದಲು ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು ಅಂತ ಸಾಧಿಸಲು ಕಡತ ತೋರಿಸುತ್ತೇವೆ. ನೀವು ಏನು ತೋರಿಸುತ್ತೀರಿ?

ಉತ್ತರ: ಮೇಡಂ, ನನಗೆ ಒಡೆದ ಚಾರ್ಪಿ ತುಂಡೇ ಶಾಸನ. ಒಡೆದ ಮುಖ ನೋಡಿದರೆ ಗೊತ್ತಾಗುತ್ತದೆ. ಮಾಸಲಾಗಿ, ನಾರುನಾರಾಗಿದ್ದರೆ ಉಕ್ಕು ಬಾಗಿ ಒಡೆದದ್ದು. ಸಕ್ಕರೆ ಹರಳಿನಂತೆ ಮಿಂಚಿದರೆ ಪೆಡಸಾಗಿ ಸೀಳಿದ್ದು. ಯಾವ ತಾಪಮಾನದಲ್ಲಿ, ಎಷ್ಟು ವರ್ಷ ರಿಯಾಕ್ಟರಿನಲ್ಲಿದ್ದದ್ದು ಎಂಬ ದಾಖಲೆ ಅದರ ಜೊತೆ ಇರುತ್ತದೆ. ತೊಂದರೆ ಏನೆಂದರೆ ಈ ಶಾಸನ ಎಣಿಸಿಟ್ಟಷ್ಟೇ ಇರುತ್ತದೆ. ರಿಯಾಕ್ಟರಿನ ಆಯುಷ್ಯ ಹೆಚ್ಚಿಸಿದರೆ ಡಬ್ಬಿಗಳು ಮುಗಿದುಹೋಗುತ್ತವೆ. ಹಾಗಾಗಿ ಒಡೆದ ಅರ್ಧ ತುಂಡುಗಳನ್ನ ಎಸೆಯುವುದಿಲ್ಲ. ಅದರ ಎರಡೂ ಬದಿಗೆ ಬೇರೆ ಉಕ್ಕು ವೆಲ್ಡ್ ಮಾಡಿ ಉದ್ದ ಸರಿಮಾಡುತ್ತಾರೆ, ನಡುವಿನ ಹಳೆಯ ಭಾಗಕ್ಕೆ ಹೊಸ ಕಚ್ಚು ಹಾಕಿ ಇನ್ನೊಂದು ಸಲ ಸುತ್ತಿಗೆಗೆ ಕೊಡುತ್ತಾರೆ.